‘ತೈಲಕ್ಕಾಗಿ’ ಅಂದರೆ ಯಾವ ತೈಲ?

ಕಳೆದ ವಾರ 40 ಉತ್ತರ ಪತ್ರಿಕೆ ತಿದ್ದಿದೆ. ಪ್ರಶ್ನೆ ಇಷ್ಟೇ: ಎರಡನೇ ಮಹಾಯುದ್ಧದಲ್ಲಿ ತಟಸ್ಥವಾಗಿದ್ದ ಇರಾನಿನೊಳಗೆ ಬ್ರಿಟನ್ ಮತ್ತು ಸೋವಿಯತ್ ಸೇನೆಗಳು ಯಾಕೆ ನುಗ್ಗಿದವು? 31 ಪತ್ರಿಕೆಗಳಲ್ಲಿ ಮೊದಲ ಸಾಲು ಒಂದೇ. ‘ತೈಲಕ್ಕಾಗಿ.’ ಕೆಲವರು ಅದರ ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು.

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಇತಿಹಾಸ ಹೇಳಿಕೊಡಲು ಶುರು ಮಾಡಿ 18 ವರ್ಷ ಆಯಿತು. ಈ ಒಂದು ಪದ ನನ್ನ ಬಿಪಿ ಏರಿಸಿದಷ್ಟು ಬೇರೆ ಯಾವುದೂ ಏರಿಸಿಲ್ಲ. ಪ್ರಶ್ನೆಯಲ್ಲಿ ಇರಾನ್, ಇರಾಕ್ ಅಂತ ಕಂಡರೆ ಸಾಕು, ಎಲೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ ತೈಲ ಬಡಿಸಿಬಿಡುತ್ತಾರೆ. ಪೂರ್ತಿ ತಪ್ಪು ಅಂತ ಹೊಡೆದು ಹಾಕೋಣ ಅಂದರೆ ಅದೂ ಆಗುವುದಿಲ್ಲ. ಅದೇ ಕಷ್ಟ.

ತರಗತಿಯಲ್ಲಿ ಈ ಮಾತು ತೆಗೆದಾಗ ಹಿಂದಿನ ಬೆಂಚಿನ ಹುಡುಗ ಎದ್ದು ನಿಂತ. ಗದಗ ಕಡೆಯವನು. ಚುರುಕು, ಆದರೆ ವರ್ಷ ಅಂದರೆ ಆಗದು. "ತೈಲ ಅಲ್ದಿದ್ರ ಮತ್ತ ಯಾಕ ಬಂದ್ರು ರೀ ಮೇಡಂ? ಖರ್ಜೂರ ತಿನ್ನಾಕ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವನನ್ನೇ ಕೇಳಿದೆ, "ಸರಿಯಪ್ಪ, ತೈಲಕ್ಕೇ ಬಂದರು. ಯಾವ ತೈಲ? ಅದು ಆಗ ಯಾರ ಕೈಯಲ್ಲಿತ್ತು?" ಹುಡುಗ ಕೂತುಬಿಟ್ಟ.

ಇದನ್ನು ಸ್ವಲ್ಪ ಎಳೆದೇ ಹೇಳುತ್ತೇನೆ, ಯಾಕೆಂದರೆ ಎಡವುವುದು ಇಲ್ಲೇ. ಇರಾನಿನ ನೈಋತ್ಯದಲ್ಲಿ, ಮಸ್ಜಿದ್ ಸುಲೇಮಾನ್ ಅನ್ನುವಲ್ಲಿ ಎಣ್ಣೆ ಸಿಕ್ಕಿದ್ದು 1908ರಲ್ಲಿ. ಅದನ್ನು ತೆಗೆಯಲು ಮರುವರ್ಷವೇ ಬ್ರಿಟಿಷ್ ಕಂಪನಿ ಹುಟ್ಟಿತು. 1914ರಲ್ಲಿ ಬ್ರಿಟಿಷ್ ಸರ್ಕಾರವೇ ಅದರ ಅರ್ಧಕ್ಕಿಂತ ಜಾಸ್ತಿ ಷೇರು ಕೊಂಡಿತು, ತನ್ನ ನೌಕಾಪಡೆಗೆ ಇಂಧನ ಬೇಕಿತ್ತು ಅಂತ. ಅಬಾದಾನ್‌ನಲ್ಲಿ ದೊಡ್ಡ ಸಂಸ್ಕರಣಾಗಾರ ಎದ್ದಿತು. 1932ರಲ್ಲಿ ಇರಾನಿನ ದೊರೆ ರೆಜಾ ಶಾ ಹಳೇ ಕರಾರು ಹರಿದು ಗಲಾಟೆ ಮಾಡಿದರೂ ಕೊನೆಗೆ 1933ರಲ್ಲಿ ಆದದ್ದು 60 ವರ್ಷದ ಹೊಸ ಕರಾರು. ಅಂದರೆ 1941ರ ಹೊತ್ತಿಗೆ ದಕ್ಷಿಣದ ಎಣ್ಣೆ ಬ್ರಿಟಿಷರ ಕೈಯಲ್ಲೇ ಇತ್ತು. ತನ್ನ ಜೇಬಿನಲ್ಲಿರುವ ದುಡ್ಡು ಕದಿಯೋಕೆ ಯಾರಾದರೂ ಕಾಂಪೌಂಡ್ ಹಾರುತ್ತಾರಾ?

ಕಾಯುವುದು ಬೇರೆ, ಕಸಿಯುವುದು ಬೇರೆ. ಅಬಾದಾನ್ ಕೈತಪ್ಪಬಾರದು ಅನ್ನುವ ಚಿಂತೆ ಲಂಡನ್ನಿಗೆ ಖಂಡಿತ ಇತ್ತು. ಪಕ್ಕದ ಇರಾಕಿನ ಬಾಗ್ದಾದಿನಲ್ಲಿ 1941ರ ಏಪ್ರಿಲ್‌ನಲ್ಲಿ ರಶೀದ್ ಅಲಿ ಅನ್ನುವ ರಾಜಕಾರಣಿ ಕ್ಷಿಪ್ರಕ್ರಾಂತಿ ಮಾಡಿ ಜರ್ಮನಿಯ ಕಡೆ ವಾಲಿದ್ದ. ಹಾಗಾಗಿ ತೈಲಕ್ಕೆ ಪಾತ್ರವೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಬರೆದುಕೊಳ್ಳಬೇಡಿ. ಕಾವಲಿಗೆ ಬಂದರು ಅಂತ ಬರೆದರೆ ಅಂಕ ಕೊಡುತ್ತೇನೆ. ಆದರೆ ಅದಷ್ಟೇ ಕಾರಣ ಆಗಿದ್ದರೆ ಸೋವಿಯತ್ ಸೇನೆ ಉತ್ತರದಿಂದ ಯಾಕೆ ಇಳಿಯಿತು? ಅಲ್ಲಿ ಅಬಾದಾನ್ ಇರಲಿಲ್ಲ ಅಲ್ವಾ?

‘ಜರ್ಮನ್ನರನ್ನು ಓಡಿಸಲು’ ಅಂತ ಬರೆಯುವವರು ಇನ್ನೊಂದು ಗುಂಪು. ಇರಾನ್ ತಟಸ್ಥ ಅಂತ ಸಾರಿದ್ದು 1939ರ ಸೆಪ್ಟೆಂಬರ್ 4ರಂದು. ಆಗಲೂ ಅಲ್ಲಿ ಜರ್ಮನ್ನರಿದ್ದರು. ಎಂಜಿನಿಯರುಗಳು, ಮೆಕ್ಯಾನಿಕ್‌ಗಳು, ವ್ಯಾಪಾರಿಗಳು. ಇರಾನಿನ ಜೊತೆ ಅತಿ ಜಾಸ್ತಿ ವ್ಯಾಪಾರ ಮಾಡುತ್ತಿದ್ದ ದೇಶವೇ ಜರ್ಮನಿ. ಅವರಲ್ಲಿ ಗೂಢಚಾರರೂ ಇದ್ದರು. ಬ್ರಿಟಿಷರು ಎರಡು ಮೂರು ಸಾವಿರ ಜನ ಅಂದರು, ಇರಾನ್ ಸಾವಿರವೂ ಇಲ್ಲ ಅಂದಿತು. ಎಷ್ಟಾದರೂ ಇರಲಿ, ಸುಮಾರು ಎರಡು ವರ್ಷ ಅದೇ ಜರ್ಮನ್ನರು ಅಲ್ಲೇ ಇದ್ದರು, ಯಾರೂ ಗಡಿ ದಾಟಲಿಲ್ಲ. ಹಿಟ್ಲರ್ ರಷ್ಯಾ ಮೇಲೆ ಬಿದ್ದದ್ದು 1941ರ ಜೂನ್ 22. ಇರಾನಿನೊಳಗೆ ಎರಡು ಕಡೆಯಿಂದ ಸೇನೆ ನುಗ್ಗಿದ್ದು ಆಗಸ್ಟ್ 25. ನಡುವೆ 64 ದಿನ. ಈ ಎರಡು ತಾರೀಖು ಪಕ್ಕಪಕ್ಕದಲ್ಲಿ ಬರೆದು ಐದು ನಿಮಿಷ ಸುಮ್ನೆ ನೋಡಿ ಅಂತ ಹೇಳುತ್ತೇನೆ. ನೋಡುವುದಿಲ್ಲ. ಗೈಡ್ ನೋಡುತ್ತಾರೆ.

ಹಿಟ್ಲರ್ ಮೇಲೆ ಬಿದ್ದ ಮೇಲೆ ರಷ್ಯಾ ಬ್ರಿಟನ್ನಿನ ಮಿತ್ರ ಆಯಿತು, ಅದಕ್ಕೆ ಆಯುಧ, ಲಾರಿ, ಆಹಾರ ಕಳಿಸಬೇಕಿತ್ತು. ಉತ್ತರದ ಹಿಮಸಮುದ್ರದಲ್ಲಿ ಜರ್ಮನ್ ಜಲಾಂತರ್ಗಾಮಿಗಳ ಕಾಟ. ಉಳಿದದ್ದರಲ್ಲಿ ವರ್ಷಪೂರ್ತಿ ನಡೆಯುವ ದಾರಿ ಪರ್ಷಿಯನ್ ಕೊಲ್ಲಿಯಿಂದ ಕ್ಯಾಸ್ಪಿಯನ್ ಸಮುದ್ರಕ್ಕೆ. ಆ ದಾರಿಯಲ್ಲಿ ಆಗಷ್ಟೇ ಒಂದು ರೈಲು ಹಳಿ ಬಿದ್ದಿತ್ತು. 1927ರಲ್ಲಿ ಶುರು, 1938ರಲ್ಲಿ ಪೂರ್ತಿ. ಸುಮಾರು 1,394 ಕಿಲೋಮೀಟರ್. ರೆಜಾ ಶಾ ಇದಕ್ಕೆ ಹೊರಗಿನವರ ಸಾಲ ತೆಗೆದುಕೊಳ್ಳಲಿಲ್ಲ. ಚಹಾ ಮತ್ತು ಸಕ್ಕರೆ ಮೇಲೆ ತೆರಿಗೆ ಹಾಕಿ ದುಡ್ಡು ಎತ್ತಿದ. ನಾನು ತರಗತಿಯಲ್ಲಿ ಕ್ಯಾಂಟೀನ್ ಚಹಾದ ಲೋಟ ಮೇಜಿನ ಮೇಲಿಟ್ಟು ಹೇಳುತ್ತೇನೆ: ಇದರ ಒಂದೊಂದು ಗುಟುಕಿಗೂ ಒಂದೊಂದು ಮೊಳೆ ಅಂತ ಇರಾನಿನ ಬಡವರು ಆ ಹಳಿ ಹಾಸಿದ್ದು. ಸಾಲ ಮಾಡಿದರೆ ವಿದೇಶಿಯರು ಬಂದು ಕೂರುತ್ತಾರೆ ಅನ್ನುವ ಭಯ ಅವನಿಗೆ. ಸಾಲ ಮಾಡಲಿಲ್ಲ, ಆದರೂ ಬಂದು ಕೂತರು. ಯುದ್ಧ ಮುಗಿಯುವ ಹೊತ್ತಿಗೆ ಆ ದೇಶದ ಮೂಲಕ ರಷ್ಯಾಕ್ಕೆ ಹೋದ ಸಾಮಾನು ಸುಮಾರು 40 ಲಕ್ಷ ಟನ್.

ಇರಾನಿನ ಮೇಲಿನ ದಾಳಿ ಮಾತ್ರ ಯುದ್ಧ ಅನ್ನಲೂ ಸಂಕೋಚ ಆಗುವಷ್ಟು ಬೇಗ ಮುಗಿಯಿತು. ಆಗಸ್ಟ್ 25ರ ಬೆಳಕು ಹರಿಯುವ ಮೊದಲೇ ಅಬಾದಾನ್ ಕಟ್ಟೆಯಲ್ಲಿ ನಿಂತಿದ್ದ ‘ಪಲಂಗ್’ ಅನ್ನುವ ಇರಾನಿ ಹಡಗನ್ನು ಬ್ರಿಟಿಷ್ ನೌಕೆ ಮುಳುಗಿಸಿತು. ಇರಾನಿನ ನೌಕಾಪಡೆಯ ಮುಖ್ಯಸ್ಥ ಬಯಾಂದೊರ್ ಅದೇ ದಿನ ಸತ್ತ. ದಕ್ಷಿಣದಿಂದ, ಪಶ್ಚಿಮದಿಂದ ಒಳನುಗ್ಗಿದ ‘ಬ್ರಿಟಿಷ್’ ಸೇನೆಯಲ್ಲಿ ಬಹಳಷ್ಟು ಜನ ನಮ್ಮವರೇ. 8ನೇ ಮತ್ತು 10ನೇ ಭಾರತೀಯ ಡಿವಿಷನ್‌ಗಳು. ಕೆಲವೇ ದಿನದಲ್ಲಿ ಇರಾನ್ ಕೈ ಎತ್ತಿತು. ಸೆಪ್ಟೆಂಬರ್ 16ಕ್ಕೆ ರೆಜಾ ಶಾ ಮಗನಿಗೆ ಪಟ್ಟ ಬಿಟ್ಟು ಹೊರಟ.

ಅವನ ಪ್ರಯಾಣದ ಕಥೆ ಪರೀಕ್ಷೆಗೆ ಬರುವುದಿಲ್ಲ, ಆದರೂ ಹೇಳದೆ ಇರಲಾರೆ. ಹಡಗು ಮುಂಬೈ ಹತ್ತಿರ ಬಂತು. ಊರು ಕಾಣುತ್ತಿದೆ, ಇಳಿಯಲು ಬಿಡಲಿಲ್ಲ. ಸಮುದ್ರದ ಮೇಲೇ ಕಾಯಿಸಿ, ಬೇರೆ ಹಡಗು ಹತ್ತಿಸಿ ಮಾರಿಷಸ್‌ಗೆ ಕಳಿಸಿದರು. ಅಲ್ಲಿಂದ ಜೋಹಾನ್ಸ್‌ಬರ್ಗ್. ಅಲ್ಲೇ 1944ರಲ್ಲಿ ತೀರಿಕೊಂಡ. ದೊರೆ ಒಳ್ಳೆಯವನೇನೂ ಅಲ್ಲ, ಜನರ ಜಮೀನು ನುಂಗಿದವನು. ಆದರೂ ಆ ಮುಂಬೈ ದೃಶ್ಯ ನೆನೆದಾಗ ಯಾಕೋ ಮನಸ್ಸಿಗೆ ಕಸಿವಿಸಿ.

ನಮ್ಮ ಹುಡುಗರಿಗೆ ರಾಜರ ಕಥೆ ನೆನಪಿರುತ್ತದೆ, ರೊಟ್ಟಿಯ ಕಥೆ ಇರುವುದಿಲ್ಲ. ಬ್ರಿಟಿಷ್ ಪೌಂಡಿಗೆ 68 ಇರಾನಿ ರಿಯಾಲ್ ಇದ್ದ ವಿನಿಮಯ ದರವನ್ನು ಸುಮಾರು 140ಕ್ಕೆ ಒಯ್ದರು. ಹೊರಗಿನ ಸೈನ್ಯಕ್ಕೆ ಇರಾನಿನ ಸರಕು, ಕೂಲಿ ಎಲ್ಲ ಅಗ್ಗ ಆಯಿತು, ಊರವರಿಗೆ ಬೆಲೆ ಕೈಗೆ ಸಿಗದಂತಾಯಿತು. ಲಾರಿ, ರೈಲು ಎಲ್ಲ ಯುದ್ಧದ ಸಾಮಾನಿಗೆ. 1942ರ ಡಿಸೆಂಬರ್‌ನಲ್ಲಿ ತೆಹರಾನಿನ ಜನ ರೊಟ್ಟಿಗಾಗಿ ಬೀದಿಗಿಳಿದರು, ಗುಂಡು ಹಾರಿತು.

ಹಾಗಾದರೆ ತೈಲಕ್ಕೆ ಕಿತ್ತಾಟ ಆಗಲೇ ಇಲ್ಲವಾ? ಆಯಿತು, ಜೋರಾಗಿಯೇ ಆಯಿತು. ಆದರೆ ಮೂರು ವರ್ಷದ ನಂತರ. ಅಷ್ಟು ಹೊತ್ತಿಗೆ ಇರಾನ್ ತಟಸ್ಥ ಅಲ್ಲ, 1943ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಮೇಲೆ ಯುದ್ಧ ಸಾರಿ ಆಗಿತ್ತು. ಜರ್ಮನ್ನರನ್ನೂ ಆಗಲೇ ಹೊರಹಾಕಿಯಾಗಿತ್ತು. ಮತ್ತೆ ಕಿತ್ತಾಡಿದ್ದು ಯಾರು? ಒಂದೇ ಪಂಕ್ತಿಯಲ್ಲಿ ಉಂಡವರು! ಬ್ರಿಟಿಷ್ ಮತ್ತು ಅಮೆರಿಕನ್ ಕಂಪನಿಯವರು ತೆಹರಾನಿನಲ್ಲಿ ಕೂತು ಹೊಸ ಗುತ್ತಿಗೆಗೆ ಗುಟ್ಟಾಗಿ ಮಾತು ನಡೆಸುತ್ತಿದ್ದರು. ಸುದ್ದಿ ಮಾಸ್ಕೋಗೆ ಮುಟ್ಟಿತು. 1944ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಉಪಮಂತ್ರಿ ಕಾವ್ತಾರಾದ್ಸೆ ಬಂದಿಳಿದು ಉತ್ತರದ ಪ್ರಾಂತ್ಯಗಳ ತೈಲ ನಮಗೆ ಕೊಡಿ ಅಂದ. ಇವರು ಜಗಳ ಆಡುತ್ತಿದ್ದದ್ದು ಇನ್ನೂ ಬಾವಿಯಿಂದ ಮೇಲೆ ಬರದ ಎಣ್ಣೆಗೆ.

ಪ್ರಧಾನಿ ಸಯೀದ್ ಒಳ್ಳೆ ಉಪಾಯ ಮಾಡಿದ. ಯುದ್ಧ ಮುಗಿಯುವವರೆಗೆ ಯಾರಿಗೂ ಗುತ್ತಿಗೆ ಇಲ್ಲ ಅಂದ. ಸೋವಿಯತ್ ಪರ ತೂದೇ ಪಕ್ಷದವರು ತೆಹರಾನಿನಲ್ಲಿ ಮೆರವಣಿಗೆ ತೆಗೆದರು, ಅದಕ್ಕೆ ಸೋವಿಯತ್ ಸೈನಿಕರ ಕಾವಲು. ನವೆಂಬರ್‌ನಲ್ಲಿ ಸಯೀದ್ ಕುರ್ಚಿ ಬಿಟ್ಟ. ಡಿಸೆಂಬರ್ 2ರಂದು ಸಂಸದ ಮೊಸಾದೆಗ್ ಸಂಸತ್ತಿನಲ್ಲಿ ಒಂದು ಮಸೂದೆ ತಂದು ಅದೇ ದಿನ ಪಾಸು ಮಾಡಿಸಿದರು. ಯಾವ ಮಂತ್ರಿಯೂ ವಿದೇಶಿಯರ ಜೊತೆ ತೈಲ ಗುತ್ತಿಗೆಯ ಮಾತಾಡಕೂಡದು, ಆಡಿದರೆ ಜೈಲು. 1951ರಲ್ಲಿ ತೈಲವನ್ನು ರಾಷ್ಟ್ರೀಕರಣ ಮಾಡಿದ ಮೊಸಾದೆಗ್ ಇವರೇ. ಅದು ಇನ್ನೊಂದು ಹತ್ತು ಅಂಕದ ಪ್ರಶ್ನೆ.

ಇಷ್ಟೆಲ್ಲ ಹೇಳಿ ಮೊನ್ನೆ ಶನಿವಾರ ಅದೇ ಪ್ರಶ್ನೆ ಮತ್ತೆ ಕೊಟ್ಟೆ. ಗದಗದ ಹುಡುಗ ಈ ಸಲ ‘ತೈಲಕ್ಕಾಗಿ’ ಅಂತ ಶುರು ಮಾಡಿರಲಿಲ್ಲ. ರೈಲು ಹಳಿ ಬಂದಿತ್ತು, ಚಹಾ ತೆರಿಗೆ ಬಂದಿತ್ತು, ಪೆನ್ಸಿಲ್‌ನಲ್ಲಿ ಒಂದು ನಕ್ಷೆಯೂ ಇತ್ತು. ದಾಳಿಯ ವರ್ಷ ಮಾತ್ರ 1914 ಅಂತ ಬರೆದಿದ್ದ. ಕೆಂಪು ಪೆನ್ನು ಹಿಡಿದು ಸುಮಾರು ಹೊತ್ತು ಕೂತೆ. 1914ರಲ್ಲೂ ಪರ್ಷಿಯಾ, ಅಂದರೆ ಇದೇ ಇರಾನ್, ತಟಸ್ಥ ಅಂತ ಸಾರಿತ್ತು, ಆಗಲೂ ಬ್ರಿಟಿಷರು, ರಷ್ಯನ್ನರು, ತುರ್ಕರು ಒಳಗೆ ಬಂದು ಹೊಡೆದಾಡಿದ್ದರು. ಅರ್ಧ ಅಂಕ ಕಳೆದು, ಪಕ್ಕದಲ್ಲಿ "ಬಂದು ಕಾಣು" ಅಂತ ಬರೆದೆ.