ಮೂಗಿಗೆ ಸಿಗದ ವಿಬ್ರಿಯೊ

ಮಂಗಳೂರು, ಮಲ್ಪೆಯ ಬಂಗುಡೆ, ಸಿಗಡಿ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಬರುತ್ತವೆ, ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ. ಕೊಳ್ಳುವವರು ಕಿವಿರು ಎತ್ತಿ ನೋಡಿ, ಮೂಸಿ, "ವಾಸನೆ ಇಲ್ಲ, ಫ್ರೆಶ್ಶು" ಅನ್ನುತ್ತಾರೆ. ಕೊಳೆತ ಮೀನಿನ ಆ ವಾಸನೆ ಬಹುಮಟ್ಟಿಗೆ ಒಂದು ರಾಸಾಯನಿಕದ್ದು, ಟ್ರೈಮಿಥೈಲಮೈನ್‌ನದು. ಮೀನನ್ನು ಕೊಳೆಸುವ ಬ್ಯಾಕ್ಟೀರಿಯಾಗಳ ಕೆಲಸ. ವಾಂತಿ-ಭೇದಿ ತರುವ ವಿಬ್ರಿಯೊ ಪ್ಯಾರಾಹೀಮೊಲಿಟಿಕಸ್ ಎಂಬ ಬ್ಯಾಕ್ಟೀರಿಯಾ ಬೇರೆಯೇ ಜಾತಿ. ಕೆಟ್ಟ ವಾಸನೆಯಿಲ್ಲದ ತಾಜಾ ಸಿಗಡಿಯಲ್ಲೂ ಅದು ಇರಬಹುದು. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಶಿರಾಸು ಎಂಬ ಸಣ್ಣ ಮೀನು ತಿಂದು 272 ಜನ ಕಾಯಿಲೆ ಬಿದ್ದು, 20 ಜನ ಸತ್ತಾಗ ಫುಜಿನೊ ಎಂಬ ವಿಜ್ಞಾನಿ ಇದನ್ನು ಪತ್ತೆ ಹಚ್ಚಿದರು.

"ಉಪ್ಪು ತಿಕ್ಕಿದರೆ ಕೀಟಾಣು ಸಾಯುತ್ತವೆ" ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಇದು ಕಡಲಿನ ಜೀವಿ, ಉಪ್ಪಿಲ್ಲದೆ ಬೆಳೆಯುವುದೇ ಇಲ್ಲ. ಶೇ. 3ರಷ್ಟು ಉಪ್ಪು ಅದಕ್ಕೆ ಹಿತ. ಹದವಾದ ಬಿಸಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ದ್ವಿಗುಣಗೊಳ್ಳಬಲ್ಲದು.

ಪತ್ತೆಯ ಉಪಾಯವೂ ಈ ಉಪ್ಪಿನ ಚಪಲದ ಮೇಲೇ ನಿಂತಿದೆ. 25 ಗ್ರಾಂ ಮಾಂಸವನ್ನು 225 ಮಿ.ಲೀ. ಕ್ಷಾರೀಯ ಪೆಪ್ಟೋನ್ (ಬ್ಯಾಕ್ಟೀರಿಯಾಗಳಿಗೆ ಆಹಾರವಾಗುವ ಪ್ರೋಟೀನಿನ ಅಂಶ) ದ್ರಾವಣದಲ್ಲಿ ಅರೆದು ಇಡುತ್ತಾರೆ. ಅದರ ಪಿಎಚ್ ಸುಮಾರು 8.5, ಉಪ್ಪು ಬೆರೆತಿರಲೇಬೇಕು. ಉಪ್ಪಿಲ್ಲದ ಬಟ್ಟಿ ನೀರಿನಲ್ಲಿ ಮಾದರಿಯನ್ನು ತೆಳುಗೊಳಿಸಿದರೆ ಜೀವಕೋಶಗಳು ನೀರು ಹೀರಿ ಒಡೆಯುತ್ತವೆ, ವರದಿ "ಇಲ್ಲ" ಎಂದು ಬರುತ್ತದೆ. ಅಷ್ಟು ಕ್ಷಾರದಲ್ಲಿ ಇತರ ಬ್ಯಾಕ್ಟೀರಿಯಾಗಳು ಸೊರಗಿದರೆ ವಿಬ್ರಿಯೊ ಹುರುಪಿನಿಂದ ಏಳುತ್ತದೆ. ಆರೆಂಟು ಗಂಟೆ 37 ಡಿಗ್ರಿಯಲ್ಲಿಟ್ಟ ಮೇಲೆ ಬಾಟಲಿಯನ್ನು ಅಲುಗಿಸಬಾರದು. ಆಮ್ಲಜನಕ ಹುಡುಕಿ ಈಜುವ ವಿಬ್ರಿಯೊಗಳು ಮೇಲ್ಪದರದಲ್ಲೇ ಸೇರಿರುತ್ತವೆ, ಲೂಪಿನಿಂದ (ತಂತಿಯ ಕುಣಿಕೆ) ಅಲ್ಲಿಂದಲೇ ತೆಗೆದು, ವಿಬ್ರಿಯೊ ಬೆಳೆಸಲೆಂದೇ ಇರುವ ಟಿಸಿಬಿಎಸ್ ಅಗಾರ್ ಎಂಬ ಜೆಲ್ಲಿಯಂಥ ಮಾಧ್ಯಮದ ತಟ್ಟೆಯ ಮೇಲೆ ಗೀರಬೇಕು.

ಟಿಸಿಬಿಎಸ್‌ನಲ್ಲಿ ಪಿತ್ತಲವಣ, ಸುಕ್ರೋಸ್, ಬಣ್ಣದ ಸೂಚಕ ಇವೆ. ಇದನ್ನು ಕುದಿಸಬೇಕೇ ಹೊರತು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕಾಯಿಸುವುದು) ಮಾಡಬಾರದು. ಕಾಲರಾದ ವಿಬ್ರಿಯೊ ಸಕ್ಕರೆ ಹುಳಿಸಿ ಹಳದಿ ಕಾಲೋನಿ (ಬ್ಯಾಕ್ಟೀರಿಯಾಗಳ ಗುಂಪು) ಕೊಡುತ್ತದೆ. ಪ್ಯಾರಾಹೀಮೊಲಿಟಿಕಸ್ ಸಕ್ಕರೆ ಮುಟ್ಟದೆ ನೀಲಿ-ಹಸಿರಾಗಿ ಉಳಿಯುತ್ತದೆ. ಆ ತಟ್ಟೆಯಿಂದಲೇ ನೇರ ಆಕ್ಸಿಡೇಸ್ (ಬ್ಯಾಕ್ಟೀರಿಯಾ ಗುರುತಿಸಲು ನೆರವಾಗುವ ಒಂದು ಕಿಣ್ವ) ಪರೀಕ್ಷೆ ಮಾಡುವುದು ಹಲವರ ಎಡವಟ್ಟು. ಸುಳ್ಳು ನೆಗೆಟಿವ್ ಬರಬಹುದು. ಮೊದಲು ಉಪ್ಪು ಬೆರೆಸಿದ ಸಾಮಾನ್ಯ ಅಗಾರ್‌ನಲ್ಲಿ ಮತ್ತೆ ಬೆಳೆಸಬೇಕು.

ಹಸಿರು ಕಾಲೋನಿ ಕಂಡರೂ ಕೆಲಸ ಮುಗಿಯದು. ಕಡಲಲ್ಲಿರುವ ತಳಿಗಳಲ್ಲಿ ಹೆಚ್ಚಿನವು ನಿರುಪದ್ರವಿ; ವಿಷ ತಯಾರಿಸುವ ಟಿಡಿಎಚ್ ಅಥವಾ ಟಿಆರ್‌ಎಚ್ ಜೀನ್ ಇರುವಂಥವೇ ಮುಖ್ಯ ಅಪಾಯಕಾರಿಗಳು. ಆ ಜೀನ್‌ಗಳನ್ನು ಪಿಸಿಆರ್ (ಡಿಎನ್‌ಎ ತುಣುಕನ್ನು ಹಲವು ಪಟ್ಟು ಹೆಚ್ಚಿಸಿ ಪತ್ತೆ ಹಚ್ಚುವ ವಿಧಾನ) ಮೂಲಕ ಗುರುತಿಸುತ್ತಾರೆ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿದ್ದ ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು ಈ ದಾರಿಯಲ್ಲಿ ಬಹಳ ದುಡಿದಿದ್ದಾರೆ.

ಮಾದರಿ ಸಾಗಿಸುವಾಗ ಇನ್ನೊಂದು ತೊಡಕು. ಐಸ್ ನೇರವಾಗಿ ತಾಗಿದರೆ ವಿಬ್ರಿಯೊಗೆ ಪೆಟ್ಟು ಬಿದ್ದು, ಲ್ಯಾಬಿನಲ್ಲಿ ಬೆಳೆಯದೇ ಹೋಗಬಹುದು. ಹಾಗಾಗಿ ಐಸ್ ಮತ್ತು ಮಾದರಿಯ ನಡುವೆ ಏನಾದರೂ ಅಡ್ಡವಿಟ್ಟು, 7ರಿಂದ 10 ಡಿಗ್ರಿಯಲ್ಲಿ ಒಯ್ಯುತ್ತಾರೆ. ತಿನ್ನುವ ಮೀನಿಗೆ ಮಾತ್ರ ಈ ನಿಯಮ ಹೊಂದುವುದಿಲ್ಲ. ಬೆಳವಣಿಗೆ ನಿಲ್ಲಬೇಕಾದರೆ ಅದು 5 ಡಿಗ್ರಿಗಿಂತ ಕೆಳಗೇ ಇರಬೇಕು, ಘಾಟಿಯಲ್ಲಿ ಲಾರಿ ನಿಂತರೂ ಐಸ್ ಕರಗಬಾರದು.

ಅಡುಗೆಮನೆಯಲ್ಲಿ ಸಿಗಡಿಯನ್ನು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒಳಗೂ ಬಿಸಿ ಏರುವಂತೆ ಬೇಯಿಸಿದರೆ ವಿಬ್ರಿಯೊ ಉಳಿಯುವುದಿಲ್ಲ. ಮೀನು ಹೆಚ್ಚಿದ ಮಣೆಯ ಮೇಲೇ ಈರುಳ್ಳಿ, ಸೌತೆಕಾಯಿ ಹೆಚ್ಚಿದರೆ ಅದು ಬೇಯದ ಕೋಸಂಬರಿಗೆ ದಾಟುತ್ತದೆ.