ಸೊಂಟದ ಕೀಲು, ರೋಬೋಟ್ ತೋಳು ಮತ್ತು ಕೆಲವು ಡಿಗ್ರಿಗಳ ಲೆಕ್ಕ

ರೋಬೋಟ್ ಶಸ್ತ್ರಚಿಕಿತ್ಸೆ ಎಂದೊಡನೆ ವೈದ್ಯರು ಕೈಕಟ್ಟಿ ನಿಂತಿರುತ್ತಾರೆ, ಯಂತ್ರವೇ ಎಲ್ಲವನ್ನೂ ಮಾಡಿ ಮುಗಿಸುತ್ತದೆ ಎಂದುಕೊಳ್ಳುವವರು ಬಹಳ. ಸೊಂಟದ ಕೀಲು ಬದಲಾವಣೆಯಲ್ಲಿ ಹಾಗೇನೂ ನಡೆಯುವುದಿಲ್ಲ. ಚರ್ಮ ಕೊಯ್ದು, ಸ್ನಾಯುಗಳನ್ನು ಸರಿಸಿ ಕೀಲಿನವರೆಗೆ ದಾರಿ ಮಾಡಿಕೊಳ್ಳುವುದು, ತೊಡೆಮೂಳೆಯ ತುದಿಯ ಸವೆದ ಚೆಂಡನ್ನು ಕತ್ತರಿಸಿ ತೆಗೆಯುವುದು, ಕೊನೆಗೆ ಹೊಲಿಗೆ ಹಾಕುವುದು ಎಲ್ಲವೂ ಶಸ್ತ್ರವೈದ್ಯರದೇ ಕೆಲಸ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರಗಳ ಪಾಲಿಗೆ ಬರುವುದು ಮುಖ್ಯವಾಗಿ ಒಂದೇ: ಕೃತಕ ಬಟ್ಟಲನ್ನು ಸರಿಯಾದ ಕೋನದಲ್ಲಿ ಕೂರಿಸಲು ನೆರವಾಗುವುದು.

ತೊಡೆಮೂಳೆಯ ತುದಿಯಲ್ಲಿರುವ ಚೆಂಡು ಶ್ರೋಣಿಯ, ಅಂದರೆ ಸೊಂಟದ ಮೂಳೆಯ, ಬಟ್ಟಲಿನಲ್ಲಿ ತಿರುಗುವುದರಿಂದಲೇ ನಾವು ನಡೆಯುತ್ತೇವೆ, ಕೂರುತ್ತೇವೆ, ಬಗ್ಗುತ್ತೇವೆ. ನಡುವಿನ ಮೃದ್ವಸ್ಥಿ ಸವೆದರೆ ಮೂಳೆಗೆ ಮೂಳೆ ಉಜ್ಜಿ ಹೆಜ್ಜೆಹೆಜ್ಜೆಗೂ ನೋವು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮೂಳೆತಜ್ಞ ಜಾನ್ ಚಾರ್ನ್ಲಿ ಲೋಹದ ಚೆಂಡು, ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್‌ನ ಬಟ್ಟಲು ಮತ್ತು ಅಕ್ರಿಲಿಕ್ ಸಿಮೆಂಟ್ ಬಳಸಿ ಇಂದಿನ ಚಿಕಿತ್ಸೆಗೆ ಅಡಿಪಾಯ ಹಾಕಿದರು. ಆ ಅಡಿಪಾಯ ಎಷ್ಟು ಗಟ್ಟಿ ಎಂದರೆ, 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಇಂತಹ ಕೀಲುಗಳಲ್ಲಿ ಸುಮಾರು ಶೇ 58ರಷ್ಟು 25 ವರ್ಷ ಬಾಳಿಕೆ ಬರುತ್ತವೆ. ಅವೆಲ್ಲ ಈಗಿನ ರೋಬೋಟ್ ತೋಳುಗಳು ಬರುವ ಮುಂಚೆ ಕೂರಿಸಿದ ಕೀಲುಗಳು. ಈಗಾಗಲೇ ಚೆನ್ನಾಗಿರುವುದನ್ನು ಇನ್ನಷ್ಟು ಚೆನ್ನಾಗಿಸುವ ಕಷ್ಟದ ಹೊಣೆ ರೋಬೋಟ್‌ನ ಹೆಗಲೇರಿದೆ.

ಕೋನಕ್ಕೆ ಇಷ್ಟು ಮಹತ್ವ ಏಕೆ? ಬಟ್ಟಲು ತೀರಾ ನೆಟ್ಟಗೆ ನಿಂತರೆ ಭಾರವೆಲ್ಲ ಅದರ ಅಂಚಿನ ಮೇಲೆ ಬಿದ್ದು ಬೇಗ ಸವೆಯುತ್ತದೆ. ಮುಂದಕ್ಕೆ ಸಾಕಷ್ಟು ತಿರುಗಿರದಿದ್ದರೆ, ತಗ್ಗಾದ ಆಸನದಲ್ಲಿ ಕೂತಾಗ ಚೆಂಡು ಹಿಂಬದಿಯಿಂದ ಜಾರಿ ಹೊರಬರಬಹುದು. ಅತಿಯಾಗಿ ತಿರುಗಿದ್ದರೆ ಮುಂಬದಿಯಿಂದ ಜಾರುತ್ತದೆ. 1978ರಲ್ಲಿ ಸಂಶೋಧಕ ಲೂಯಿನೆಕ್ ಮತ್ತು ಸಂಗಡಿಗರು ‘ಸುರಕ್ಷಿತ ವಲಯ’ವನ್ನು ಸೂಚಿಸಿದರು: ಬಟ್ಟಲಿನ ಓರೆ 40 ಡಿಗ್ರಿ, ಮುಂದಕ್ಕೆ ತಿರುಗಿರುವುದು 15 ಡಿಗ್ರಿ, ಎರಡರಲ್ಲೂ 10 ಡಿಗ್ರಿಯಷ್ಟು ಆಚೀಚೆ ಇರಬಹುದು. ಕಾಗದದ ಮೇಲೆ ಇದು ಸುಲಭ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ಹೆಚ್ಚಾಗಿ ಪಕ್ಕಕ್ಕೆ ಮಲಗಿರುತ್ತಾರೆ, ಮೈಮೇಲೆ ಹೊದಿಕೆ, ಕಾಣುವುದು ಕೊಯ್ದ ಜಾಗವಷ್ಟೇ. ಸಹಾಯಕರು ಕಾಲನ್ನು ಎಳೆದಾಗ ಶ್ರೋಣಿ ಹೊದಿಕೆಯ ಒಳಗೇ ಮೆಲ್ಲಗೆ ಹೊರಳಿಬಿಡುತ್ತದೆ. ಮೇಜನ್ನು ನೋಡಿ ಕೋನ ಅಂದಾಜಿಸುತ್ತಿದ್ದ ಕಣ್ಣು ಅಲ್ಲಿಗೆ ಮೋಸಹೋಯಿತು. ಅಮೆರಿಕದಲ್ಲಿ ಕೈಯಿಂದಲೇ ಕೂರಿಸಿದ 1,800ಕ್ಕೂ ಹೆಚ್ಚು ಬಟ್ಟಲುಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡೂ ಕೋನಗಳು ಗುರಿಯೊಳಗೆ ಇದ್ದದ್ದು ಅರ್ಧದಷ್ಟರಲ್ಲಿ ಮಾತ್ರ.

ರೋಬೋಟ್ ತೋಳು ನೆರವಿಗೆ ಬರುವುದು ಇಲ್ಲಿ. ಮುಂಚಿತವಾಗಿ ತೆಗೆದ ಸಿಟಿ ಸ್ಕ್ಯಾನ್‌ನಿಂದ ರೋಗಿಯ ಶ್ರೋಣಿಯ ಮೂರು ಆಯಾಮದ ಚಿತ್ರ ಸಿದ್ಧವಾಗುತ್ತದೆ. ಬಟ್ಟಲಿನ ಅಳತೆ, ಕೋನ, ಕಾಲಿನ ಉದ್ದ ಎಲ್ಲವನ್ನೂ ವೈದ್ಯರು ಅದರ ಮೇಲೆಯೇ ನಿರ್ಧರಿಸುತ್ತಾರೆ. ಶಸ್ತ್ರಚಿಕಿತ್ಸೆಯ ವೇಳೆ ಸೊಂಟದ ಮೂಳೆಗೆ ಸಣ್ಣ ಪಿನ್‌ಗಳನ್ನು ಹೂಡಿ ಗುರುತುಗಳನ್ನು ಕಟ್ಟುತ್ತಾರೆ. ಶ್ರೋಣಿ ಹೊರಳಿದರೆ ಕ್ಯಾಮೆರಾಗೆ ತಕ್ಷಣ ತಿಳಿಯುತ್ತದೆ. ಚೂಪಾದ ಕಡ್ಡಿಯಿಂದ ಮೂಳೆಯ ಮೇಲಿನ ಹಲವು ಬಿಂದುಗಳನ್ನು ಮುಟ್ಟಿ, ಪರದೆಯ ಚಿತ್ರವನ್ನೂ ಎದುರಿನ ಮೂಳೆಯನ್ನೂ ಹೊಂದಿಸುತ್ತಾರೆ. ಆಮೇಲೆ ತುರಿಮಣೆಯಂತೆ ಹಲ್ಲುಗಳಿರುವ ಅರ್ಧಗೋಳವೊಂದು ಹಳೆಯ ಬಟ್ಟಲನ್ನು ಕೊರೆದು ನುಣುಪಾಗಿಸುತ್ತದೆ. ಅದನ್ನು ಒತ್ತುವ ಕೈ ವೈದ್ಯರದು; ಯೋಜನೆಯ ಗೆರೆ ದಾಟಲು ಹೊರಟರೆ ತೋಳು ಬಿಗಿಯಾಗಿ ತಡೆಯುತ್ತದೆ. ಹೊಸ ಬಟ್ಟಲನ್ನು ಬಡಿದು ಕೂರಿಸುವಾಗಲೂ ತೋಳು ಕೋನವನ್ನು ಹಿಡಿದಿಟ್ಟುಕೊಂಡಿರುತ್ತದೆ.

ಮೊದಲ ತಲೆಮಾರಿನ ಯಂತ್ರ ಇಷ್ಟು ವಿನಯದ್ದಾಗಿರಲಿಲ್ಲ. 1992ರಲ್ಲಿ ಅಮೆರಿಕದ ಸ್ಯಾಕ್ರಮೆಂಟೊದಲ್ಲಿ ಮನುಷ್ಯರ ಮೇಲೆ ಮೊದಲ ಬಾರಿಗೆ ಬಳಕೆಯಾದ ‘ರೋಬೋಡಾಕ್’ ತೊಡೆಮೂಳೆಯ ಒಳಗನ್ನು ತಾನಾಗಿಯೇ ಕೊರೆಯುತ್ತಿತ್ತು. ಅದರ ಹಿಂದಿದ್ದವರು ಮೂಳೆತಜ್ಞ ವಿಲಿಯಂ ಬಾರ್ಗರ್ ಮತ್ತು ಪಶುವೈದ್ಯ ಹೊವರ್ಡ್ ಪಾಲ್. ಐಬಿಎಂ ಸಂಶೋಧಕರೂ ಜೊತೆಗೂಡಿದ್ದರು. ಮನುಷ್ಯರಿಗಿಂತ ಮೊದಲು ನಾಯಿಗಳಿಗೆ ಅದರ ಸೇವೆ ಸಿಕ್ಕಿತ್ತು. ಜರ್ಮನಿಯಲ್ಲಿ ಆ ಯಂತ್ರ ವ್ಯಾಪಕವಾಗಿ ಹಬ್ಬಿ, ಸ್ನಾಯುಗಳಿಗೆ ಹಾನಿಯಾಯಿತೆಂಬ ದೂರುಗಳೂ ಮೊಕದ್ದಮೆಗಳೂ ಬಂದ ಮೇಲೆ ಮೂಲೆ ಸೇರಿತು.

ಈಗಿನ ತೋಳುಗಳ ನಿಖರತೆಯಲ್ಲಿ ಅನುಮಾನವಿಲ್ಲ. 2014ರ ಒಂದು ಹೋಲಿಕೆಯಲ್ಲಿ ರೋಬೋಟ್ ನೆರವಿನ 50 ಬಟ್ಟಲುಗಳಲ್ಲಿ 50ಕ್ಕೆ 50 ಸುರಕ್ಷಿತ ವಲಯದಲ್ಲಿದ್ದವು, ಕೈಯಿಂದ ಕೂರಿಸಿದ 50ರಲ್ಲಿ 40. ಆದರೆ 2016ರ ಇನ್ನೊಂದು ಅಧ್ಯಯನ ಉತ್ಸಾಹಕ್ಕೆ ತಣ್ಣೀರೆರಚಿತು: ಜಾರಿಹೋದ 206 ಕೃತಕ ಕೀಲುಗಳಲ್ಲಿ ಶೇ 58ರಷ್ಟರ ಬಟ್ಟಲು ಆ ವಲಯದೊಳಗೇ ಇತ್ತು! ಕೂತಾಗ ಶ್ರೋಣಿ ಹಿಂದಕ್ಕೆ ವಾಲುತ್ತದೆ, ನಿಂತಾಗ ಮುಂದಕ್ಕೆ. ಬೆನ್ನೆಲುಬು ಬಿಗಿದುಕೊಂಡವರಲ್ಲಿ ಈ ವಾಲುವಿಕೆ ಕಡಿಮೆ. ಹಾಗಾಗಿ ಎಲ್ಲರಿಗೂ ಒಂದೇ ಕೋನ ಒಗ್ಗುವುದಿಲ್ಲ. ಕೂತು, ನಿಂತು ತೆಗೆದ ಎಕ್ಸ್‌ರೇಗಳನ್ನೂ ಸೇರಿಸಿ ಪ್ರತಿ ರೋಗಿಗೂ ಬೇರೆ ಗುರಿ ಹಾಕಿಕೊಳ್ಳುವ ಪದ್ಧತಿ ಈಗ ಬಂದಿದೆ. ನನ್ನ ಮಟ್ಟಿಗೆ ರೋಬೋಟ್‌ನ ನಿಜವಾದ ಬೆಲೆ ಇಲ್ಲಿದೆ. ವೈದ್ಯರು ಯಾವ ಕೋನ ಬಯಸಿದರೂ ಅದನ್ನು ತಪ್ಪದೆ ತಲುಪಿಸುತ್ತದೆ. ಹುಟ್ಟಿನಿಂದಲೇ ಬಟ್ಟಲು ಆಳವಿಲ್ಲದವರು, ಬೆನ್ನುಮೂಳೆ ಬೆಸೆದವರು ಮುಂತಾದ ಜಟಿಲ ರೋಗಿಗಳಿಗೆ ಇದು ಹೆಚ್ಚು ಉಪಯುಕ್ತ.

ನೋವು ಇನ್ನೂ ಕಡಿಮೆಯಾಗುತ್ತದೆ, ಕೀಲು ಇನ್ನೂ ಹೆಚ್ಚು ವರ್ಷ ಬಾಳುತ್ತದೆ ಎಂಬ ಜಾಹೀರಾತಿನ ಮಾತುಗಳಿಗೆ ಅಷ್ಟು ಗಟ್ಟಿಯಾದ ಪುರಾವೆ ಇನ್ನೂ ಸಿಕ್ಕಿಲ್ಲ. ಸೋಂಕು, ರಕ್ತ ಹೆಪ್ಪುಗಟ್ಟುವಿಕೆಗಳನ್ನು ತಡೆಯುವ ಶಕ್ತಿ ಕೋನಕ್ಕಿಲ್ಲ. ಸಿಟಿ ಸ್ಕ್ಯಾನ್‌ನ ವಿಕಿರಣ, ಪಿನ್ ಹೂಡಿದ ರಂಧ್ರಗಳು, ಹೆಚ್ಚುವರಿ ಸಮಯ ಮತ್ತು ಖರ್ಚು ಇದರ ಜೊತೆಗೇ ಬರುತ್ತವೆ. ಪಿನ್ ಸಡಿಲವಾದರೆ ಪರದೆಯ ಲೆಕ್ಕವೆಲ್ಲ ತಪ್ಪುತ್ತದೆ, ಆಗ ಉಳಿದ ಕೆಲಸವನ್ನು ಹಳೆಯ ರೀತಿಯಲ್ಲೇ ಮುಗಿಸಬೇಕಾಗಬಹುದು. ವೈದ್ಯರನ್ನು ಕಾಣುವಾಗ ಯಂತ್ರದ ಹೆಸರಿಗಿಂತ ಮೊದಲು, ರೋಬೋಟ್ ಇಲ್ಲದೆ ಅವರು ಇಂತಹ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ ಎಂದು ಕೇಳುವುದಕ್ಕೆ ಇದೇ ಕಾರಣ.