ಮಡಿದ ಯೋಧನ ಕಥೆ: ಕೊನೆಯ ಹತ್ತು ಪುಟ ಪೆನ್ಸಿಲ್ ಹಿಡಿದು ಓದಿ

ಮರಾಠಾ ಲಘು ಪದಾತಿ ದಳದ ರೆಜಿಮೆಂಟ್ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಹಾಗಾಗಿ ಈ ಕಡೆಯ ಓದುಗರ ಬಳಗದಲ್ಲಿ ಮಡಿದ ಯೋಧನ ಜೀವನಚರಿತ್ರೆ ಚರ್ಚೆಗೆ ಬಂತೆಂದರೆ ಮಾಜಿ ಸೈನಿಕರು ಒಬ್ಬರಾದರೂ ಕೂತಿರುತ್ತಾರೆ. ಅವರ ಕಣ್ಣು ಮೊದಲು ಬೀಳುವುದು ಹುದ್ದೆಯ ಮೇಲೆ. ನಾಯಕ್ ಆಗಿದ್ದವನನ್ನು ಲೇಖಕ ಎರಡು ಮೆಟ್ಟಿಲು ಮೇಲಿನ ನಾಯಬ್ ಸುಬೇದಾರ್ ಎಂದು ಬರೆದಿದ್ದರೆ ಪುಸ್ತಕ ಅಲ್ಲಿಗೇ ಮುಚ್ಚಿತು. ಪಕ್ಕದಲ್ಲಿ ಕೂತ ಡಿಗ್ರಿ ಹುಡುಗ ಅದೇ ಪುಟಕ್ಕೆ ಕಣ್ಣೀರು ಹಾಕಿರುತ್ತಾನೆ. ಅವನ ಕಣ್ಣೀರು ಸುಳ್ಳಲ್ಲ. ಆದರೂ ಹುದ್ದೆಯನ್ನೇ ತಪ್ಪಿದ ಲೇಖಕನನ್ನು ಉಳಿದದ್ದರಲ್ಲಿ ಎಷ್ಟು ನಂಬಬೇಕು ಎಂಬ ಆ ಮಾಜಿ ಸೈನಿಕರ ಪ್ರಶ್ನೆಗೇ ತೂಕ ಹೆಚ್ಚು.

ಎಡವುವ ಜಾಗಗಳು ಇನ್ನೂ ಇವೆ. ವೀರಚಕ್ರ ಶತ್ರುವಿನ ಎದುರು ತೋರಿದ ಶೌರ್ಯಕ್ಕೆ, ಶೌರ್ಯಚಕ್ರ ಅದರ ಹೊರತಾದ ಸಾಹಸಕ್ಕೆ. ಹೆಸರು ಹತ್ತಿರವಿರುವುದರಿಂದ ಅದಲುಬದಲಾಗುತ್ತವೆ. ಪದಕ ಘೋಷಣೆ ಬಹುಮಟ್ಟಿಗೆ ಜನವರಿ 26ಕ್ಕೋ ಆಗಸ್ಟ್ 15ಕ್ಕೋ ಆಗುತ್ತದೆ, ಅದನ್ನೇ ಕಾಳಗದ ದಿನ ಮಾಡಿಬಿಡುತ್ತಾರೆ. ಮನೆಗೆ ಬಂದ ಪತ್ರಗಳದು ಬೇರೆ ಫಜೀತಿ. ಲಕೋಟೆಯ ಮೇಲೆ ‘56 ಎಪಿಓ’ ಎಂದಿದ್ದರೆ ಅದು ಸೈನ್ಯದ ಅಂಚೆ ವಿಳಾಸ, ಅವನಿದ್ದ ಜಾಗ ಅದರಿಂದ ಗೊತ್ತಾಗುವುದಿಲ್ಲ. ಅದನ್ನು ಹಿಡಿದುಕೊಂಡು ‘ಸಿಯಾಚಿನ್‌ನಿಂದ ಬರೆದ ಕಾಗದ’ ಎಂದರೆ ಬರೀ ಊಹೆ.

ಜೋರು ಜಗಳ ಕೊನೆಯ ಹತ್ತು ಪುಟಗಳದು. ‘ಗುಂಡು ತಗುಲಿದಾಗ ಅವ್ವನ ಮುಖ ಕಣ್ಮುಂದೆ ಬಂತು’ ಎಂಬಂಥ ವಾಕ್ಯ ತಗೊಳ್ಳಿ. ಅದನ್ನು ಲೇಖಕನಿಗೆ ಹೇಳಿದವರು ಯಾರು? ಪದಕದ ಸೈಟೇಶನ್‌ನಲ್ಲಿ, ಅಂದರೆ ಪದಕ ಯಾಕೆ ಕೊಟ್ಟರೆಂದು ಹೇಳುವ ಬರಹದಲ್ಲಿ, ಕಾಳಗದ ವಿವರ ಇರುತ್ತದೆ, ಮನಸ್ಸಿನ ಮಾತು ಇರುವುದಿಲ್ಲ. ಚರ್ಚೆಗೆ ಬರುವ ಮೊದಲು ಅಂಚಿನಲ್ಲಿ ಗುರುತು ಹಾಕಿ: ಜೊತೆಗಿದ್ದವನು ಹೇಳಿದ್ದಕ್ಕೆ ‘ಸಾ’, ಇನ್ನೊಬ್ಬರ ಬಾಯಿಂದ ಕೇಳಿದ್ದಕ್ಕೆ ‘ಕೇ’, ಉಳಿದದ್ದಕ್ಕೆ ‘ಊ’. ಪುಟದ ತುಂಬ ‘ಊ’ ಬಿದ್ದರೆ ಅದು ಕಾದಂಬರಿ. ‘ಹೀಗಾಗಿರಬಹುದು’ ಎಂದು ಲೇಖಕ ಬಾಯಿಬಿಟ್ಟು ಹೇಳಿದ್ದರೆ ಮಾತ್ರ ರಿಯಾಯಿತಿ.

ಮನೆಯವರ ತಕರಾರು ಬೇರೆ. ಅಪ್ಪನ ಸಾಲ, ಅಣ್ಣತಮ್ಮಂದಿರ ಹೊಲದ ತಂಟೆ, ರಜೆಗೆ ಬಂದಾಗ ಹೆಂಡತಿಯೊಡನೆ ಮುನಿಸು. ‘ಇದೆಲ್ಲಾ ಯಾಕ ಬರದ್ರಿ?’ ಅಂತಾರೆ. ಲಾವಣಿ ಕೇಳಿ ಬೆಳೆದವರೂ ಅವರ ಕಡೆಯೇ: ವೀರನ ಕಥೆಯಲ್ಲಿ ಸಂಸಾರದ ರಗಳೆ ಬೇಡ. ಆದರೆ ಬ್ರಿಟಿಷರ ವಿರುದ್ಧ ದಂಗೆಯೆದ್ದ ಮುಧೋಳ ಸೀಮೆಯ ಹಲಗಲಿ ಬೇಡರ ಲಾವಣಿಯೇ ಲೂಟಿಯಾದ ಉಪ್ಪು, ಎಣ್ಣೆ, ಬೆಲ್ಲದವರೆಗೆ ಪಟ್ಟಿ ಕೊಡುತ್ತದಲ್ಲ! ಸಾಲದ ಅಧ್ಯಾಯ ಉಳಿಯಲೇಬೇಕು, ಸೈನ್ಯಕ್ಕೆ ಯಾಕೆ ಸೇರಿದ ಎಂಬುದು ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಮುನಿಸಿನ ಪುಟಕ್ಕೆ ಮಾತ್ರ ಹೆಂಡತಿಯ ಒಪ್ಪಿಗೆ ಬೇಕು. ಅದನ್ನು ಪಡೆದದ್ದು ಲೇಖಕನ ಮಾತಿನಲ್ಲಿ ಬಂದಿದೆಯೇ, ನೋಡಿ.